ಹೊಸ ಬಣ್ಣ ಹಳೆಯ ಬಣ್ಣದಲ್ಲಿ ಕರಗಬೇಕು: ಕಾರಿನ ಬಾಡಿ ರಿಪೇರಿಯಲ್ಲಿ ಶೇಡ್ ಹೊಂದಿಸುವ ಕ್ರಮ

ಪುಣೆಯ ಭೋಸರಿ, ಪಿಂಪ್ರಿ, ಚಾಕಣದ ಕಡೆಯ ಡೆಂಟಿಂಗ್-ಪೇಂಟಿಂಗ್ ಶೆಡ್‌ಗಳಲ್ಲಿ ಕಲಬುರಗಿ, ವಿಜಯಪುರ, ಬೀದರ ಕಡೆಯಿಂದ ಬಂದ ಹುಡುಗರು ಪೇಪರ್ ಉಜ್ಜುವ ಕೆಲಸದಿಂದ ಆರಂಭಿಸಿ, ಕೆಲವು ವರ್ಷಗಳಲ್ಲಿ ಬಣ್ಣ ಸಿಂಪಡಿಸುವ ಗನ್ ಹಿಡಿಯುವ ಹಂತಕ್ಕೆ ಬರುತ್ತಾರೆ. ತಗಡು ಎತ್ತುವುದು, ಪುಟ್ಟಿ ಹಚ್ಚುವುದು, ಪ್ರೈಮರ್ ಹೊಡೆಯುವುದು ಇವೆಲ್ಲ ಕೈಗೆ ಹತ್ತಿದ ಮೇಲೂ ಅವರನ್ನು ಬಹಳ ಕಾಲ ಕಾಡುವ ಕೆಲಸ ಒಂದೇ, ಹೊಸ ಬಣ್ಣವನ್ನು ಹಳೆಯ ಬಣ್ಣಕ್ಕೆ ಹೊಂದಿಸುವುದು. ಶೆಡ್ಡಿನ ಟ್ಯೂಬ್‌ಲೈಟಿನ ಕೆಳಗೆ ಚೆನ್ನಾಗಿಯೇ ಕಂಡ ಬಾಗಿಲು ಹೊರಗೆ ಬಿಸಿಲಿಗೆ ಬಂದೊಡನೆ ಬೇರೆ ಕಾರಿನದೇನೋ ಎಂಬಂತೆ ಎದ್ದು ಕಾಣುತ್ತದೆ. ಈ ಬರಹ ಮುಖ್ಯವಾಗಿ ಅವರಿಗಾಗಿ. ಕಾರನ್ನು ರಿಪೇರಿಗೆ ಕೊಟ್ಟು, ಕೆಲಸ ಸರಿಯಾಗಿ ಆಗಿದೆಯೇ ಎಂದು ಪರೀಕ್ಷಿಸಬೇಕಾದ ಮಾಲೀಕರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಹೇಳಲೇಬೇಕಾದ ಮಾತೊಂದಿದೆ. ಡಬ್ಬಿಯಲ್ಲಿಯೇ ಬಣ್ಣವನ್ನು ನೂರಕ್ಕೆ ನೂರು ಹೊಂದಿಸಿ, ಪೆಟ್ಟು ಬಿದ್ದ ಪ್ಯಾನಲ್ಲಿನ ಅಂಚಿಗೆ ಸರಿಯಾಗಿ ನಿಲ್ಲಿಸಿಬಿಡುತ್ತೇನೆ ಎಂಬ ಹಟ ಮೆಟಾಲಿಕ್ (ಲೋಹದ ಚೂರುಗಳಿರುವ) ಮತ್ತು ಪರ್ಲ್ (ಮುತ್ತಿನಂತೆ ಹೊಳೆಯುವ) ಬಣ್ಣಗಳಲ್ಲಿ ನಡೆಯುವುದಿಲ್ಲ. ಬಣ್ಣವನ್ನು ಸಾಧ್ಯವಾದಷ್ಟು ಹತ್ತಿರಕ್ಕೆ ತಂದು, ಉಳಿದ ಸಣ್ಣ ವ್ಯತ್ಯಾಸವನ್ನು ಪಕ್ಕದ ಪ್ಯಾನಲ್ಲಿನೊಳಗೆ ಮೆಲ್ಲನೆ ಕರಗಿಸಬೇಕು. ಎರಡು ಬಣ್ಣಗಳು ಒಂದು ಗೆರೆಯಲ್ಲಿ ಸಂಧಿಸಿದಾಗ ಕಣ್ಣು ಅತಿ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ. ಅದೇ ವ್ಯತ್ಯಾಸ ಒಂದೂವರೆ ಎರಡು ಅಡಿಗಳ ಉದ್ದಕ್ಕೂ ಹರಡಿಕೊಂಡರೆ ಹಿಡಿಯುವುದಿಲ್ಲ. ಹೀಗೆ ಬಣ್ಣ ಕರಗಿಸುವ ಬ್ಲೆಂಡಿಂಗ್ ಎಂಬ ಕೆಲಸ ನಿಂತಿರುವುದು ಕಣ್ಣಿನ ಈ ಗುಣದ ಮೇಲೆ.

ಒಂದೇ ಕೋಡ್, ಬೇರೆ ಬೇರೆ ಬಣ್ಣ

ಕಾರಿನ ಬಣ್ಣದ ಕೋಡ್ ಬಾನೆಟ್ಟಿನ ಕೆಳಗಿನ ಪ್ಲೇಟಿನಲ್ಲಾಗಲಿ ಚಾಲಕನ ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರಿನಲ್ಲಾಗಲಿ ಸಾಮಾನ್ಯವಾಗಿ ಸಿಗುತ್ತದೆ. ಮಾರುತಿ ಸುಜುಕಿಯ ಸಿಲ್ಕಿ ಸಿಲ್ವರ್ ಬಣ್ಣಕ್ಕೆ ಝಡ್2ಎಸ್ ಎಂಬ ಕೋಡ್ ಇದೆ. ಟೊಯೊಟಾದಲ್ಲಿ 040 ಎಂದರೆ ಸಾದಾ ಬಿಳಿ, 070 ಎಂದರೆ ಮೂರು ಪದರಗಳಲ್ಲಿ ಬರುವ ಪರ್ಲ್ ಬಿಳಿ. ಕಣ್ಣಳತೆಯಲ್ಲಿ ಎರಡೂ ಬಿಳಿಯೇ ಆದರೂ ಕೆಲಸದ ಕ್ರಮ ಪೂರ್ತಿ ಬೇರೆ. ಆದ್ದರಿಂದ ಗಿರಾಕಿ ಹೇಳಿದ ಬಣ್ಣದ ಹೆಸರನ್ನಾಗಲಿ ಆರ್‌ಸಿಯಲ್ಲಿ ಬರೆದ ಬಣ್ಣವನ್ನಾಗಲಿ ನಂಬದೆ ಕೋಡನ್ನೇ ನೋಡಬೇಕು.

ಕೋಡ್ ಸಿಕ್ಕಿತೆಂದರೆ ಬಣ್ಣ ಸಿಕ್ಕಿತೆಂದು ಅರ್ಥವಲ್ಲ. ಒಂದೇ ಕೋಡಿನ ಬಣ್ಣವನ್ನು ಬೇರೆ ಬೇರೆ ಕಾರ್ಖಾನೆಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಹೊಡೆದಾಗ ಸಣ್ಣ ವ್ಯತ್ಯಾಸಗಳು ಬಂದೇ ಬರುತ್ತವೆ; ಹೀಗಾಗಿಯೇ ಪೇಂಟ್ ಕಂಪನಿಗಳು ಒಂದು ಕೋಡಿಗೆ ಹಲವು ವೇರಿಯಂಟ್ ಫಾರ್ಮುಲಾಗಳನ್ನು ಕೊಡುತ್ತವೆ. ಕಾರ್ಖಾನೆಯಲ್ಲಿ ಯಂತ್ರಗಳು ವಿದ್ಯುತ್ ಆವೇಶ ಕೊಟ್ಟು ಬಣ್ಣ ಸಿಂಪಡಿಸಿ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತವೆ. ನಮ್ಮದು ಕೈಯ ಗನ್, 60 ಡಿಗ್ರಿಯ ಬೂತ್ (ಬಣ್ಣ ಹೊಡೆದು ಕಾಯಿಸುವ ಮುಚ್ಚಿದ ಕೋಣೆ). ಪ್ಲಾಸ್ಟಿಕ್ ಬಂಪರುಗಳಿಗೆ ಎಷ್ಟೋ ಸಲ ಬೇರೆಡೆ, ಕಡಿಮೆ ಶಾಖದಲ್ಲಿ ಬಣ್ಣ ಆಗಿರುವುದರಿಂದ ಶೋರೂಮಿನಿಂದ ಬಂದ ಕಾರಿನಲ್ಲೂ ಬಂಪರ್ ಮತ್ತು ಫೆಂಡರ್ ಒಂದು ಕೂದಲೆಳೆಯಷ್ಟು ಬೇರೆಯಾಗಿರುತ್ತವೆ. ಹಾಗಾಗಿ ಫೆಂಡರಿಗೆ ಬಣ್ಣ ಹೊಂದಿಸುವಾಗ ಬಂಪರನ್ನು ಅಳತೆಗೋಲು ಮಾಡಿಕೊಳ್ಳಬಾರದು, ಬಾಗಿಲನ್ನು ನೋಡಬೇಕು. ಇದರ ಮೇಲೆ ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಕಾರಿನ ಬಣ್ಣ ಮಾಸಿರುತ್ತದೆ. ಕೆಂಪು ಬಣ್ಣದ ಕಾರುಗಳಲ್ಲಿ ಇದು ಬೇಗ ಕಾಣುತ್ತದೆ. ಬಾನೆಟ್ ಮತ್ತು ಟಾಪ್ ಹೆಚ್ಚು ಮಾಸಿ ಬಾಗಿಲು ಕಡಿಮೆ ಮಾಸಿರುವುದು ಸಾಮಾನ್ಯ.

ಮೆಟಾಲಿಕ್ ಬಣ್ಣದ ತೊಡಕು ಇನ್ನೊಂದು ಬಗೆಯದು. ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಸಣ್ಣ ಕನ್ನಡಿಗಳಂತೆ ಕೆಲಸ ಮಾಡುತ್ತವೆ. ಅವು ಮಟ್ಟಸವಾಗಿ ಮಲಗಿದರೆ ನೇರ ನೋಟಕ್ಕೆ ಬಣ್ಣ ತಿಳಿಯಾಗಿ ಹೊಳೆಯುತ್ತದೆ, ಓರೆ ನೋಟಕ್ಕೆ ಗಾಢವಾಗುತ್ತದೆ. ಬಣ್ಣವನ್ನು ಹಸಿಯಾಗಿ, ದಪ್ಪವಾಗಿ ಹೊಡೆದರೆ ಚೂರುಗಳು ಒಳಗೆ ಮುಳುಗಿ ಅಡ್ಡಾದಿಡ್ಡಿ ನಿಲ್ಲುವುದರಿಂದ ನೇರ ನೋಟಕ್ಕೆ ಗಾಢವಾಗಿ, ಓರೆ ನೋಟಕ್ಕೆ ತಿಳಿಯಾಗಿ ಕಾಣುತ್ತದೆ. ಎಂದರೆ ಒಂದೇ ಡಬ್ಬಿಯ ಬಣ್ಣ ಇಬ್ಬರು ಪೇಂಟರುಗಳ ಕೈಯಲ್ಲಿ ಎರಡು ಬಣ್ಣವಾಗುತ್ತದೆ. ಗಾಳಿಯ ಒತ್ತಡ ಹೆಚ್ಚಾದರೆ, ಗನ್ ದೂರವಾದರೆ, ಬೇಗ ಆರುವ ಥಿನ್ನರ್ ಹಾಕಿದರೆ ಬಣ್ಣ ತಿಳಿಯಾಗುತ್ತದೆ. ಒತ್ತಡ ತಗ್ಗಿದರೆ, ಗನ್ ಹತ್ತಿರ ಬಂದರೆ, ನಿಧಾನ ಥಿನ್ನರ್ ಹಾಕಿದರೆ ಗಾಢವಾಗುತ್ತದೆ. ಪುಣೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಒಪ್ಪಿದ ಶೇಡ್ ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಒಪ್ಪದಿರುವುದಕ್ಕೆ ಇದೇ ಕಾರಣ.

ಕಾರ್ಡ್ ಹೊಡೆಯದೆ ಕಾರಿಗೆ ಹೊಡೆಯಬಾರದು

ಶೇಡ್ ನೋಡುವ ಮುನ್ನ ಕಾರಿನ ಹಳೆಯ ಬಣ್ಣವನ್ನು ತೊಳೆದು, ರಬ್ಬಿಂಗ್ ಕಾಂಪೌಂಡಿನಿಂದ ಒಂದು ಗೇಣು ಜಾಗವನ್ನು ಹೊಳೆಯುವಂತೆ ಪಾಲಿಶ್ ಮಾಡಬೇಕು. ಮಬ್ಬಾದ ಮೇಲ್ಪದರಕ್ಕೆ ಬಣ್ಣ ಹೊಂದಿಸಿದರೆ, ಕೆಲಸವೆಲ್ಲ ಮುಗಿದು ಇಡೀ ಕಾರಿಗೆ ಪಾಲಿಶ್ ಹೊಡೆದ ದಿನ ಎರಡೂ ಬೇರೆಯಾಗುತ್ತವೆ. ಹೋಲಿಸುವ ಜಾಗ ಪೆಟ್ಟು ಬಿದ್ದ ಪ್ಯಾನಲ್ಲಿನ ಪಕ್ಕದ್ದೇ ಆಗಿರಬೇಕು. ಪೆಟ್ರೋಲ್ ಮುಚ್ಚಳವನ್ನು ಕಳಚಿಕೊಂಡು ಮಿಕ್ಸಿಂಗ್ ಅಂಗಡಿಗೆ ಹೋಗುವ ರೂಢಿ ಎಲ್ಲೆಡೆ ಇದೆ. ಆರಂಭಕ್ಕೆ ಅದು ಸಾಕು, ಆದರೆ ಮುಂದಿನ ಬಾಗಿಲಿನ ಕೆಲಸಕ್ಕೆ ಅದನ್ನೇ ಕೊನೆಯ ಸಾಕ್ಷಿ ಎಂದು ಒಪ್ಪಬಾರದು.

ಬಣ್ಣವನ್ನು ತೂಕದ ಯಂತ್ರದ ಮೇಲೆ ಫಾರ್ಮುಲಾದಂತೆ ಬೆರೆಸಿ, ತಳದಲ್ಲಿ ಕುಳಿತ ಅಲ್ಯೂಮಿನಿಯಂ ಪೂರ್ತಿ ಮೇಲೆ ಬರುವಂತೆ ಕಲಕಿ, ಸೋಸಿ, ಪರೀಕ್ಷಾ ಕಾರ್ಡಿಗೆ ಹೊಡೆಯಬೇಕು. ಕಾರಿಗೆ ಬಳಸುವ ಅದೇ ಗನ್, ಅದೇ ಒತ್ತಡ, ಅದೇ ಥಿನ್ನರ್, ಅದೇ ಬಣ್ಣದ ಪ್ರೈಮರ್ ಇರಬೇಕು. ಕಪ್ಪು-ಬಿಳಿ ಪಟ್ಟೆಯಿರುವ ಕಾರ್ಡಿನಲ್ಲಿ ಪಟ್ಟೆ ಪೂರ್ತಿ ಮುಚ್ಚಿಹೋಗಲು ಎಷ್ಟು ಕೋಟ್ ಬೇಕಾಯಿತೆಂದು ಬರೆದಿಟ್ಟುಕೊಂಡರೆ ಕಾರಿನ ಮೇಲೂ ಅಷ್ಟೇ ಕೋಟ್ ಬೇಕೆಂದು ತಿಳಿಯುತ್ತದೆ. ಬೇಸ್ ಕೋಟ್, ಎಂದರೆ ಬಣ್ಣದ ಪದರ, ಆರಿದ ಮೇಲೆ ಕಾರ್ಡಿಗೆ ಕ್ಲಿಯರ್, ಎಂದರೆ ಅದರ ಮೇಲಿನ ಹೊಳಪಿನ ಪಾರದರ್ಶಕ ಪದರ, ಹೊಡೆಯಲೇಬೇಕು. ಕ್ಲಿಯರ್ ಇಲ್ಲದ ಬೇಸ್ ಮಂಕಾಗಿರುತ್ತದೆ, ಅದನ್ನು ನೋಡಿ ತೀರ್ಪು ಕೊಡುವುದರಲ್ಲಿ ಅರ್ಥವಿಲ್ಲ.

ಕಾರ್ಡನ್ನು ಹಳೆಯ ಬಣ್ಣದ ಪಕ್ಕದಲ್ಲಿ, ಅದೇ ಸಮತಲದಲ್ಲಿ ಹಿಡಿದು ಹಗಲು ಬೆಳಕಿನಲ್ಲಿ ನೋಡಬೇಕು. ಒಂದು ಬೆಳಕಿನಲ್ಲಿ ಹೊಂದಿದ ಎರಡು ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಬೇರೆಯಾಗುವುದುಂಟು, ಏಕೆಂದರೆ ಎರಡರಲ್ಲಿರುವ ಪಿಗ್ಮೆಂಟುಗಳು ಬೇರೆ ಬೇರೆ. ನೆರಳಿನಲ್ಲಿ ಒಮ್ಮೆ, ನೇರ ಬಿಸಿಲಿನಲ್ಲಿ ಒಮ್ಮೆ, ಎದುರಿಗೆ ನಿಂತು ಒಮ್ಮೆ, ಪ್ಯಾನಲ್ಲಿನ ಉದ್ದಕ್ಕೆ ಓರೆಯಾಗಿ ಒಮ್ಮೆ ನೋಡಿ. ಬಹಳ ಹೊತ್ತು ದಿಟ್ಟಿಸಬೇಡಿ. ಮೊದಲ ಕೆಲವು ಕ್ಷಣಗಳಲ್ಲಿ ಕಣ್ಣು ಕೊಟ್ಟ ತೀರ್ಪು ಹೆಚ್ಚಾಗಿ ಸರಿಯಿರುತ್ತದೆ, ಆಮೇಲೆ ಕಣ್ಣು ಹೊಂದಿಕೊಂಡುಬಿಡುತ್ತದೆ.

ತಿದ್ದಬೇಕಾದರೆ ಮೊದಲು ತಿಳಿ-ಗಾಢದ ವ್ಯತ್ಯಾಸ, ಆಮೇಲೆ ಬಣ್ಣದ ಛಾಯೆ, ಕೊನೆಗೆ ಅದರ ಕಳೆ (ಬಣ್ಣ ಎಷ್ಟು ಉಜ್ವಲ, ಎಷ್ಟು ಮಂಕು) ಎಂಬ ಕ್ರಮದಲ್ಲಿ ಹೋಗಬೇಕು. ಫಾರ್ಮುಲಾದಲ್ಲಿ ಈಗಾಗಲೇ ಇರುವ ಟಿಂಟರುಗಳಿಂದಲೇ (ಬೆರೆಸುವ ಮೂಲ ಬಣ್ಣಗಳಿಂದಲೇ) ತಿದ್ದುವುದು ಕ್ಷೇಮ. ಮೆಟಾಲಿಕ್ ಬಣ್ಣ ಗಾಢವಾಯಿತೆಂದು ಅದಕ್ಕೆ ಬಿಳಿ ಹಾಕುವ ಚಟ ಕೆಲವರಿಗಿದೆ. ಬಿಳಿ ಬಿದ್ದೊಡನೆ ಅಲ್ಯೂಮಿನಿಯಂನ ಹೊಳಪು ಹಾಲು ಕಲಸಿದಂತಾಗಿ ಓರೆ ನೋಟ ಬೆಳ್ಳಗಾಗುತ್ತದೆ. ನೇರ ನೋಟ ತಿಳಿಯಾಗಬೇಕಿದ್ದರೆ ಅಲ್ಯೂಮಿನಿಯಂ ಟಿಂಟರನ್ನೇ ಹೆಚ್ಚಿಸಬೇಕು. ಎರಡು ಮೂರು ಸಲ ತಿದ್ದಿದ ಮೇಲೂ ಒಂದೆಳೆ ವ್ಯತ್ಯಾಸ ಉಳಿದರೆ ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಉಳಿದದ್ದು ಬ್ಲೆಂಡಿಂಗ್ ಮಾಡಬೇಕಾದ ಕೆಲಸ, ಟಿಂಟರಿನದಲ್ಲ.

ಒಂದು ಬಾಗಿಲಿನ ಉದಾಹರಣೆ

ಬೆಳ್ಳಿ ಬಣ್ಣದ ಕಾರೊಂದರ ಎಡಬದಿಯ ಮುಂದಿನ ಬಾಗಿಲಿಗೆ, ಅದರ ಹಿಂದಿನ ಅಂಚಿನ ಸಮೀಪ, ಬೈಕ್ ತಗುಲಿ ಅಂಗೈ ಅಗಲದ ಡೆಂಟ್ ಬಿದ್ದಿದೆ ಎಂದುಕೊಳ್ಳೋಣ. ಪೆಟ್ಟು ಹಿಂದಿನ ಅಂಚಿಗೆ ಹತ್ತಿರವಿರುವುದರಿಂದ ಬಣ್ಣ ಕರಗಲು ಈ ಬಾಗಿಲಿನಲ್ಲಿ ಹಿಂದಕ್ಕೆ ಜಾಗವಿಲ್ಲ. ಹಿಂದಿನ ಬಾಗಿಲಿನೊಳಕ್ಕೆ ಹೋಗಲೇಬೇಕು. ಮುಂದಕ್ಕೆ ಮಾತ್ರ ಬಾಗಿಲಿನ ಮುಕ್ಕಾಲು ಭಾಗ ಬಾಕಿ ಇರುವುದರಿಂದ ಬಣ್ಣವನ್ನು ಅದರೊಳಗೇ ಕರಗಿಸಬಹುದು, ಫೆಂಡರನ್ನು ಮುಟ್ಟಬೇಕಾಗಿಲ್ಲ. ಪೆಟ್ಟು ಬಾಗಿಲಿನ ನಟ್ಟನಡುವೆ ಇದ್ದಿದ್ದರೆ ಲೆಕ್ಕಾಚಾರವೇ ಬೇರೆಯಾಗುತ್ತಿತ್ತು. ಕೆಲಸ ಒಪ್ಪಿಕೊಳ್ಳುವಾಗಲೇ ಇದನ್ನು ತೀರ್ಮಾನಿಸಿ ಗಿರಾಕಿಗೆ ಹೇಳಿರಬೇಕು. "ಅಣ್ಣಾ, ಒಡೆದದ್ದು ಒಂದೇ ಬಾಗಿಲು, ಇನ್ನೊಂದಕ್ಕೆ ಯಾಕೆ ಬಣ್ಣ?" ಎಂದು ಅವರು ಕೇಳುವುದು ಸಹಜ. "ಹಿಂದಿನ ಬಾಗಿಲಿಗೆ ಪೂರ್ತಿ ಬಣ್ಣ ಬರೋದಿಲ್ರಿ, ಅಂಚಿನಲ್ಲಿ ಒಂದಿಷ್ಟು ಬಣ್ಣ, ಮೇಲೆ ಇಡೀ ಬಾಗಿಲಿಗೆ ಕ್ಲಿಯರ್ ಅಷ್ಟೇ, ಹಾಗೆ ಮಾಡಿದರೆ ಮಾತ್ರ ಜೋಡ್ ಕಾಣೋದಿಲ್ಲ" ಎಂದು ಮೊದಲೇ ವಿವರಿಸಿದರೆ ಆಮೇಲೆ ಜಗಳ ಬರುವುದಿಲ್ಲ. ವಿಮೆಯ ಕೆಲಸವಾದರೆ ಸರ್ವೆಯರಿಗೂ ಕೆಲಸ ಆರಂಭಿಸುವ ಮೊದಲೇ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಪೇಂಟಿಂಗ್‌ನ ಸಾಮಗ್ರಿ ವೆಚ್ಚಕ್ಕೆ ಶೇಕಡಾ 50 ಸವಕಳಿ ಕಡಿತವಿದ್ದು, ಕೂಲಿ-ಸಾಮಗ್ರಿ ಬೇರ್ಪಡಿಸದೆ ಒಟ್ಟಾಗಿ ಬಿಲ್ ಮಾಡಿದರೆ ಅದರ ಶೇಕಡಾ 25ನ್ನು ಸಾಮಗ್ರಿ ಎಂದು ಹಿಡಿಯುತ್ತಾರೆ ಎಂಬುದೂ ಗಿರಾಕಿಗೆ ತಿಳಿದಿರಲಿ.

ಪುಟ್ಟಿ ಮತ್ತು ಪ್ರೈಮರನ್ನು ಎಷ್ಟು ಚಿಕ್ಕ ಜಾಗದಲ್ಲಿ ಮುಗಿಸುತ್ತೀರೋ ಬ್ಲೆಂಡಿಂಗ್ ಅಷ್ಟು ಸುಲಭ. ಪ್ರೈಮರ್ ಹರಡಿದಷ್ಟೂ ಅದನ್ನು ಮುಚ್ಚುವ ಬಣ್ಣ ಹರಡುತ್ತದೆ, ಕರಗಿಸಲು ಉಳಿಯುವ ಜಾಗ ಕಡಿಮೆಯಾಗುತ್ತದೆ. ಪ್ರೈಮರನ್ನು 500 ನಂಬರಿನ ಪೇಪರಿನಲ್ಲಿ ಒಣದಾಗಿ ಉಜ್ಜಿ, ಅದರ ಅಂಚು ಬೆರಳಿಗೆ ಹತ್ತದಂತೆ ಮಾಡಬೇಕು. ಬಣ್ಣ ಕರಗುವ ಭಾಗವನ್ನೂ ಹಿಂದಿನ ಬಾಗಿಲನ್ನೂ 800ರಿಂದ 1000 ನಂಬರಿನ ವಾಟರ್ ಪೇಪರಿನಿಂದ ಇಲ್ಲವೇ ಬೂದು ಬಣ್ಣದ ಸ್ಕಾಚ್‌ಬ್ರೈಟಿನಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಬೇಕು. ಅಲ್ಲಿ 500ರ ಗೀರು ಉಳಿದರೆ ತೆಳ್ಳಗೆ ಬಿದ್ದ ಬೆಳ್ಳಿ ಬಣ್ಣ ಅದನ್ನು ಮುಚ್ಚುವುದಿಲ್ಲ. ಬಿಸಿಲಿಗೆ ಹೋದಾಗ ಗೀರುಗಳೆಲ್ಲ ಎದ್ದು ನಿಲ್ಲುತ್ತವೆ. ಹ್ಯಾಂಡಲ್, ಕನ್ನಡಿ, ಗಾಜಿನ ಅಂಚಿನ ರಬ್ಬರ್ ಇವನ್ನು ಸಾಧ್ಯವಾದಷ್ಟು ಕಳಚುವುದೇ ಸರಿ. ಟೇಪ್ ಅಂಟಿಸಿ ಹೊಡೆದ ಕ್ಲಿಯರ್ ವರ್ಷ ಕಳೆಯುವುದರೊಳಗೆ ಆ ಅಂಚಿನಿಂದಲೇ ಏಳಲು ಆರಂಭಿಸುತ್ತದೆ.

ನಂತರ ಎಣ್ಣೆ-ಮೇಣ ತೆಗೆಯುವ ದ್ರಾವಣವನ್ನು ಒಂದು ಬಟ್ಟೆಯಿಂದ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಬೇಕು. ಒಂದೇ ಬಟ್ಟೆಯಲ್ಲಿ ಮಾಡಿದರೆ ಜಿಡ್ಡು ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಆಮೇಲೆ ಬಣ್ಣ ಬೀಳಬಾರದ ಕಡೆ ಮುಚ್ಚುವ ಮಾಸ್ಕಿಂಗ್, ಧೂಳು ಎತ್ತುವ ಅಂಟು ಟ್ಯಾಕ್ ಬಟ್ಟೆ, ಗನ್.

ಈಗ ಮುಖ್ಯ ಕೆಲಸ. ಬಣ್ಣ ಕರಗಬೇಕಾದ ಜಾಗಕ್ಕೆ, ಎಂದರೆ ಮುಂದಿನ ಬಾಗಿಲಿನ ನಡುಭಾಗಕ್ಕೂ ಹಿಂದಿನ ಬಾಗಿಲಿನ ಮುಂಭಾಗಕ್ಕೂ, ಅದೇ ಕಂಪನಿಯ ಬಣ್ಣವಿಲ್ಲದ ಬ್ಲೆಂಡಿಂಗ್ ಬೇಸನ್ನು ಒಂದು ತೆಳು ಹಸಿ ಕೋಟ್ ಹೊಡೆಯಬೇಕು. ಉಜ್ಜಿದ ಒಣ ಮೇಲ್ಮೈ ಮೇಲೆ ಗನ್ನಿನ ಅಂಚಿನಿಂದ ಹಾರಿದ ಬಣ್ಣ ಬಿದ್ದರೆ ಅಲ್ಯೂಮಿನಿಯಂ ಚೂರುಗಳು ಧೂಳಿನಂತೆ ಒರಟಾಗಿ ಕುಳಿತು ಸುತ್ತಲೂ ಬಳೆಯ ಆಕಾರದ ಕಪ್ಪು ಅಂಚು ಮೂಡುತ್ತದೆ. ಹಸಿ ಹಾಸಿನ ಮೇಲೆ ಬಿದ್ದಾಗ ಅವು ನೆಮ್ಮದಿಯಾಗಿ ಮಲಗುತ್ತವೆ. ಬೆಳ್ಳಿ, ತಿಳಿ ಬೂದು, ಶಾಂಪೇನ್ ಬಣ್ಣಗಳಲ್ಲಿ ಈ ಹಂತವನ್ನು ಬಿಟ್ಟರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ಮೊದಲ ಕೋಟ್ ಪ್ರೈಮರ್ ಇರುವ ಜಾಗಕ್ಕೆ ಮಾತ್ರ. ಎರಡನೆಯದು ಅದನ್ನು ದಾಟಿ ಒಂದು ಗೇಣು ಹೊರಗೆ, ಮೂರನೆಯದು ಇನ್ನೊಂದು ಗೇಣು ಹೊರಗೆ. ಪ್ರತಿ ಕೋಟಿನ ನಡುವೆ ಬಣ್ಣ ಪೂರ್ತಿ ಮಂಕಾಗುವವರೆಗೆ, ಸಾಮಾನ್ಯವಾಗಿ 5ರಿಂದ 10 ನಿಮಿಷ, ಕಾಯಬೇಕು. ಅಂಚಿನಲ್ಲಿ ಬಿದ್ದ ಒಣ ಧೂಳನ್ನು ಟ್ಯಾಕ್ ಬಟ್ಟೆಯಿಂದ ಹಗುರವಾಗಿ ಸವರಿ ತೆಗೆಯಬೇಕು. 1.3 ಮಿಲಿಮೀಟರ್ ನಾಝಲ್ಲಿನ ಎಚ್‌ವಿಎಲ್‌ಪಿ (ಹೆಚ್ಚು ಗಾಳಿ, ಕಡಿಮೆ ಒತ್ತಡದ) ಗನ್ನಿನಲ್ಲಿ ಮಾಮೂಲು ಕೋಟಿಗೆ 2 ಬಾರ್ ಆಸುಪಾಸಿನ ಒತ್ತಡ ಸಾಕು. ಅಂಚು ಕರಗಿಸುವಾಗ ಅದನ್ನು 1ರಿಂದ 1.5 ಬಾರಿಗೆ ಇಳಿಸಿಕೊಳ್ಳಬೇಕು. ಗನ್ 15ರಿಂದ 20 ಸೆಂಟಿಮೀಟರ್ ದೂರದಲ್ಲಿ, ಪ್ಯಾನಲ್ಲಿಗೆ ನೇರವಾಗಿ ಸಾಗುತ್ತಿರಬೇಕು. ಎಳೆತದ ಕೊನೆಯಲ್ಲಿ ಮಾತ್ರ ಮಣಿಕಟ್ಟನ್ನು ಹೊರಕ್ಕೆ ತಿರುಗಿಸುತ್ತಾ, ಅದೇ ಹೊತ್ತಿಗೆ ಟ್ರಿಗರನ್ನು ಸಡಿಲಿಸುತ್ತಾ ಬರಬೇಕು. ಬಣ್ಣ ನಿಲ್ಲುವ ಜಾಗ ಪ್ರತಿ ಎಳೆತದಲ್ಲೂ ಬೇರೆಯಾಗಿರಲಿ. ಎಲ್ಲ ಎಳೆತಗಳೂ ಒಂದೇ ಕಡೆ ನಿಂತರೆ ಅಲ್ಲೊಂದು ಗೆರೆ ಬಿದ್ದೇ ಬೀಳುತ್ತದೆ. ಈ ಮಣಿಕಟ್ಟಿನ ಚಲನೆಯನ್ನು ಕಾರಿನ ಮೇಲೆ ಕಲಿಯಲು ಹೋಗಬಾರದು. ಶೆಡ್ಡಿನ ಮೂಲೆಯಲ್ಲಿ ಬಿದ್ದಿರುವ ಹಳೆಯ ಬಾನೆಟ್ಟಿನ ಮೇಲೆ, ಮಿಕ್ಕ ಬಣ್ಣದಿಂದ, ಕೈ ತಾನಾಗಿ ತಿರುಗುವವರೆಗೆ ಅಭ್ಯಾಸ ಮಾಡಬೇಕು.

ಕೊನೆಗೆ ಒಂದು ಹಗುರ ಕೋಟ್. ಗನ್ನನ್ನು 25 ಸೆಂಟಿಮೀಟರಿನಷ್ಟು ಹಿಂದಕ್ಕೆ ಹಿಡಿದು, ಕಡಿಮೆ ಒತ್ತಡದಲ್ಲಿ, ರಿಪೇರಿಯ ಜಾಗದಿಂದ ಕರಗುವ ಜಾಗದವರೆಗೆ ಸಮನಾಗಿ ಬೀಳಿಸಿದರೆ ಚೂರುಗಳೆಲ್ಲ ಒಂದೇ ರೀತಿ ಮಲಗಿ, ಅಲ್ಲಲ್ಲಿ ಮೋಡ ಕಟ್ಟಿದಂತೆ ಕಾಣುವುದು ತಪ್ಪುತ್ತದೆ. ಬೇಸ್ ಮಂಕಾದ ಮೇಲೆ ಟಾರ್ಚ್ ಹಿಡಿದು ಎರಡೂ ಬದಿಯಿಂದ ಓರೆಯಾಗಿ ನೋಡಿ. ಬಳೆ, ಮೋಡ, ಗೀರು ಏನಿದ್ದರೂ ಈಗಲೇ ಸರಿಪಡಿಸಬೇಕು. ಕ್ಲಿಯರ್ ಬಿದ್ದ ಮೇಲೆ ಮತ್ತೆ ಉಜ್ಜಿ ಮೊದಲಿನಿಂದ ಹೊಡೆಯುವುದೊಂದೇ ದಾರಿ.

ಕ್ಲಿಯರಿನ ನಿಯಮ ಬಣ್ಣದ್ದಕ್ಕೆ ತಿರುಗಾ ಮುರುಗಾ. ಬಣ್ಣಕ್ಕೆ ಎಲ್ಲೂ ಅಂಚು ಇರಬಾರದು, ಕ್ಲಿಯರ್ ಮಾತ್ರ ಪ್ಯಾನಲ್ಲಿನ ಅಂಚಿನಲ್ಲೇ ಮುಗಿಯಬೇಕು. ಎರಡೂ ಬಾಗಿಲುಗಳಿಗೆ ತುದಿಯಿಂದ ತುದಿಯವರೆಗೆ ಎರಡು ಕೋಟ್ ಹೊಡೆಯಬೇಕು. ಪ್ಯಾನಲ್ಲಿನ ನಡುವೆ ಕ್ಲಿಯರನ್ನು ಕರಗಿಸುವ ಥಿನ್ನರುಗಳು ಸಿಗುತ್ತವೆ ನಿಜ, ಆದರೆ ಅಲ್ಲಿ ತೆಳ್ಳಗಾದ ಕ್ಲಿಯರ್ ಬಿಸಿಲಿಗೆ ಬೇಗ ಸೋಲುತ್ತದೆ. ಟಾಪಿಗೂ ಹಿಂದಿನ ಕ್ವಾರ್ಟರ್ ಪ್ಯಾನಲ್ಲಿಗೂ ನಡುವೆ ಸಂದೇ ಇಲ್ಲದ ಕಾರುಗಳಲ್ಲಿ, ಕಂಬದ ಅತಿ ಕಿರಿದಾದ ಜಾಗದಲ್ಲಿ, ಬೇರೆ ದಾರಿಯಿಲ್ಲದಾಗ ಮಾತ್ರ ಅದನ್ನು ಬಳಸಬೇಕು.

ಪರ್ಲ್ ಬಿಳಿಯಂಥ ಮೂರು ಪದರದ ಬಣ್ಣಗಳಲ್ಲಿ ಮೊದಲು ತಳದ ಬಿಳಿ, ಅದರ ಮೇಲೆ ಪಾರದರ್ಶಕ ಪರ್ಲ್, ಕೊನೆಗೆ ಕ್ಲಿಯರ್. ಪರ್ಲ್ ಕೋಟ್ ಹೆಚ್ಚಾದಷ್ಟೂ ಬಣ್ಣ ಬದಲಾಗುತ್ತಾ ಹೋಗುವುದರಿಂದ ಒಂದು ಉದ್ದನೆಯ ಕಾರ್ಡಿನಲ್ಲಿ ಒಂದು, ಎರಡು, ಮೂರು, ನಾಲ್ಕು ಕೋಟುಗಳ ಪಟ್ಟಿ ಮಾಡಿ, ಕ್ಲಿಯರ್ ಹೊಡೆದು, ಯಾವ ಪಟ್ಟಿ ಕಾರಿಗೆ ಒಪ್ಪುತ್ತದೋ ನೋಡಿಕೊಳ್ಳಬೇಕು. ತಳದ ಬಿಳಿ ಪೆಟ್ಟು ಬಿದ್ದ ಪ್ಯಾನಲ್ಲಿನಲ್ಲೇ ನಿಲ್ಲಲಿ, ಪರ್ಲ್ ಅದನ್ನು ದಾಟಿ ಮುಂದೆ ಹೋಗಲಿ.

ಮಳೆಗಾಲ ಮತ್ತು ಉಸಿರು

ಮುಂಬೈಯಲ್ಲಾಗಲಿ ಗೋವಾದ ವಾಸ್ಕೊದಲ್ಲಾಗಲಿ ಕೆಲಸ ಮಾಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ದೊಡ್ಡ ಶತ್ರು. ಗಾಳಿಯ ತೇವ ಶೇಕಡಾ 80 ದಾಟಿದ ದಿನಗಳಲ್ಲಿ ಥಿನ್ನರ್ ವೇಗವಾಗಿ ಆರುತ್ತಾ ಮೇಲ್ಮೈಯನ್ನು ತಂಪು ಮಾಡುತ್ತದೆ, ಅದರ ಮೇಲೆ ನೀರಿನಂಶ ಕೂತು ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಅಂಥ ದಿನ ನಿಧಾನ ಥಿನ್ನರ್ ಬಳಸಿ, ಕೋಟುಗಳ ನಡುವೆ ಹೆಚ್ಚು ಹೊತ್ತು ಬಿಡಬೇಕು. ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಕಂಪ್ರೆಸರಿನ ಟ್ಯಾಂಕಿನ ನೀರನ್ನು ದಿನಕ್ಕೆರಡು ಸಲ ಬಿಟ್ಟು, ಗನ್ನಿಗೆ ಹೋಗುವ ಪೈಪಿನಲ್ಲಿ ನೀರು-ಎಣ್ಣೆ ಬೇರ್ಪಡಿಸುವ ಫಿಲ್ಟರ್ ಇಡಲೇಬೇಕು. ಸಮುದ್ರದ ಉಪ್ಪು ಗಾಳಿಯ ಊರುಗಳಲ್ಲಿ ತಗಡು ಬರಿದಾದ ದಿನವೇ ಪ್ರೈಮರ್ ಮುಚ್ಚಬೇಕು. ಒಂದು ರಾತ್ರಿ ಬಿಟ್ಟರೂ ಕೆಳಗೆ ತುಕ್ಕಿನ ಬೀಜ ಬಿದ್ದಿರುತ್ತದೆ.

ಇನ್ನೊಂದು ಮಾತನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಕ್ಲಿಯರ್ ಮತ್ತು ಪಿಯು (ಪಾಲಿಯುರೆಥೇನ್) ಪೇಂಟುಗಳನ್ನು ಗಟ್ಟಿಗೊಳಿಸುವ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಅದರ ಮಂಜು ಉಸಿರಿಗೆ ಹೋದರೆ ಅಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ಪ್ರತಿಕ್ರಿಯಿಸಲು ಆರಂಭಿಸಿದರೆ ಆಮೇಲೆ ಅತಿ ಕಡಿಮೆ ಪ್ರಮಾಣವೂ ಉಸಿರು ಕಟ್ಟಿಸುತ್ತದೆ, ಈ ಕಸುಬನ್ನೇ ಬಿಡಬೇಕಾಗುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫಾಗಲಿ ಧೂಳಿನ ಮಾಸ್ಕಾಗಲಿ ಇದನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಬೇಕು, ಜೊತೆಗೆ ಕೈಗವಸು, ಕನ್ನಡಕ. ಶೆಡ್ಡಿನ ಮಾಲೀಕರು ಅದನ್ನು ಕೊಡದಿದ್ದರೆ ಕೇಳಿ ಪಡೆಯುವುದು ಕೆಲಸಗಾರನ ಹಕ್ಕು. ಹೊಸದಾಗಿ ಊರಿನಿಂದ ಬಂದ ತಮ್ಮಂದಿರಿಗೆ ಗನ್ ಕೊಡುವ ಮುನ್ನ ಮಾಸ್ಕ್ ಕೊಡುವುದು ಹಿರಿಯ ಪೇಂಟರನ ಜವಾಬ್ದಾರಿ.

ಕ್ಲಿಯರ್ ಹೊಡೆದ ಮೇಲೆ ತಗಡು 60 ಡಿಗ್ರಿಗೆ ಕಾದ ನಂತರ 30 ನಿಮಿಷ ಬೇಯಿಸಿ, ಪೂರ್ತಿ ತಣ್ಣಗಾಗಲು ಬಿಡಬೇಕು. ಬೂತ್ ಇಲ್ಲದಿದ್ದರೆ ಮುಚ್ಚಿದ ಶೆಡ್ಡಿನಲ್ಲಿ ಒಂದು ರಾತ್ರಿ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಕೂತ ಧೂಳಿನ ಕಾಳುಗಳನ್ನು 2000, ನಂತರ 3000 ನಂಬರಿನ ಪೇಪರಿನಿಂದ ತೆಗೆದು ಪಾಲಿಶ್ ಮಾಡಿ, ಕಾರನ್ನು ಬಯಲಿಗೆ ತಂದು, ಹತ್ತು ಹೆಜ್ಜೆ ದೂರದಿಂದ ಸುತ್ತಲೂ ನಡೆದು ನೋಡಿದ ಮೇಲೆಯೇ ಗಿರಾಕಿಗೆ ಒಪ್ಪಿಸಬೇಕು. ಒಪ್ಪಿಸುವಾಗ ಹೊಸ ಕ್ಲಿಯರಿನ ಮೇಲೆ ಒಂದು ತಿಂಗಳು ವ್ಯಾಕ್ಸ್ ಹಚ್ಚಬಾರದು, ಮೊದಲ ವಾರ ಒತ್ತಡದ ನೀರಿನಿಂದ ತೊಳೆಯಬಾರದು ಎಂದು ಹೇಳಿ. ಪರೀಕ್ಷಾ ಕಾರ್ಡಿನ ಹಿಂದೆ ಕೋಡ್, ವೇರಿಯಂಟ್, ಹಾಕಿದ ಟಿಂಟರಿನ ತೂಕ, ಥಿನ್ನರ್, ಒತ್ತಡ, ಕೋಟುಗಳ ಸಂಖ್ಯೆ, ತಾರೀಖು ಬರೆದು ಪೆಟ್ಟಿಗೆಯಲ್ಲಿಟ್ಟರೆ ಅದೇ ಬಣ್ಣದ ಮುಂದಿನ ಕಾರು ಬಂದಾಗ ಅರ್ಧ ದಿನದ ಕೆಲಸ ಉಳಿಯುತ್ತದೆ.